ಇಬ್ಬರು ಓರಗಿತ್ತಿಯರ ಬೆನ್ನು

ನಮ್ಮ ಮನೆಯಲ್ಲಿ ಇಬ್ಬರು ಸೊಸೆಯರು. ಇಬ್ಬರ ಬೆನ್ನಿಗೂ ಆಪರೇಷನ್ ಆಗಿದೆ: ನನಗೆ ಆರು ವರ್ಷದ ಹಿಂದೆ, ನನ್ನ ಓರಗಿತ್ತಿಗೆ ಈ ವರ್ಷ. ಕಾಯಿಲೆ ಒಂದೇ. ಸೊಂಟದ ಹತ್ತಿರ ಮೂಳೆಗಳ ನಡುವಿನ ಡಿಸ್ಕ್ ಜಾರಿ ನರವನ್ನು ಒತ್ತಿ, ನೋವು ಕಾಲಿಗೆ ಇಳಿದಿತ್ತು. ಮುಳ್ಳೂರಿನಲ್ಲಿ ರೇಷ್ಮೆ ಹುಳ ಸಾಕುವ ಮನೆಯ ಹೆಂಗಸರಿಗೆ ಬಗ್ಗುವುದೇ ಕೆಲಸವಾದ್ದರಿಂದ, ನಾವಿಬ್ಬರೂ ಅದನ್ನು ಬಹಳ ದಿನ ಬರೀ ಸೊಂಟನೋವು ಎಂದುಕೊಂಡಿದ್ದೆವು.

ನನ್ನದು ಬೆನ್ನು ತೆರೆದು ಮಾಡಿದ್ದು. ತೋರುಬೆರಳಿಗಿಂತ ಉದ್ದದ ಗೆರೆ ಈಗಲೂ ಇದೆ. ಮೈಸೂರಿನ ಆಸ್ಪತ್ರೆಯಿಂದ ಆರನೆಯ ದಿನ ಮನೆಗೆ ಬಂದಾಗ ಅತ್ತೆ ಹೊಲಿಗೆ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಎರಡು ತಿಂಗಳು ಪೊರಕೆ ಮುಟ್ಟಲು ಬಿಡಲಿಲ್ಲ.

ಓರಗಿತ್ತಿಗೆ, ನನಗೆ ಮಾಡಿದ್ದ ಡಾಕ್ಟರೇ ಸಣ್ಣ ತೂತು ಮಾಡಿ, ಕೊಳವೆ ತೂರಿಸಿ, ಪರದೆಯಲ್ಲಿ ನೋಡುತ್ತ ಜಾರಿದ ಚೂರನ್ನು ತೆಗೆದರು. ಅಂದು ಸಂಜೆಯೇ ನಡೆದಳು. ಮರುದಿನ ಮನೆಗೆ ಬಂದಳು. ಬನ್ನು, ಕಿತ್ತಳೆ ಹಿಡಿದು ನೋಡಲು ಬಂದವರಿಗೆ ತೋರಿಸಲು ಒಂದು ಪಟ್ಟಿ ಬಿಟ್ಟರೆ ಏನೂ ಇರಲಿಲ್ಲ.

ಪಕ್ಕದ ಮನೆಯಾಕೆ ಅಂದರು: "ಇಷ್ಟೇಯಾ? ನಮ್ಮಟ್ಟಿ ಹಸುಗೆ ಸೂಜಿ ಆಕುದ್ ಗಾಯ ಇದ್ಕಿಂತ ದೊಡ್ಡದು ಕಣವ್ವ."

ಎಲ್ಲರೂ ನಕ್ಕೆವು. ನಾನೂ ನಕ್ಕೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದ. ಆರು ವಾರ ಬಗ್ಗಬಾರದು, ಭಾರ ಎತ್ತಬಾರದು ಎಂದು ಬರೆದಿದ್ದ ಚೀಟಿ ಸ್ಕ್ಯಾನಿಂಗ್ ಕವರಿನೊಳಗೇ ಉಳಿಯಿತು.

ಅವಳ ಆಪರೇಷನ್ ಆದ ಹದಿನಾರನೆಯ ದಿನ, ಹುಳಗಳು ಮೇವು ಬಿಟ್ಟು ಪೊರೆ ಕಳಚುವ ನಾಲ್ಕನೆಯ ಜ್ವರ ಕಳೆದು ಎದ್ದಿದ್ದವು. ಆಮೇಲಿನ ಒಂದು ವಾರ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಕರೆದವಳು ನಾನೇ. "ಬಾರವ್ವ, ಒಂದ್ ಕೈ ಆಕು, ಸೊಪ್ಪು ಬಾಡೋಯ್ತದೆ" ಅಂದೆ. ಅತ್ತೆ ಅಲ್ಲೇ ಇದ್ದರು, ಬೇಡ ಅನ್ನಲಿಲ್ಲ. ಅವಳು ಬಗ್ಗಿ ಸೊಪ್ಪಿನ ಹೊರೆಯನ್ನು ಮೊಣಕಾಲಿನವರೆಗೆ ಎತ್ತಿದಳು, ಅಲ್ಲೇ ನಿಂತಳು. ಹೊರೆಯನ್ನು ಬೀಳಿಸಲಿಲ್ಲ, ನಿಧಾನವಾಗಿ ಕೆಳಗಿಟ್ಟಳು.

"ಅಕ್ಕ, ಕಾಲ್ಗೆ ಬಂತು."

ಮರುದಿನ ಬೆಳಿಗ್ಗೆ ಮೈಸೂರಿಗೆ ಹೋದೆವು. ಡಾಕ್ಟರು ಅವಳ ಹೆಬ್ಬೆರಳನ್ನು ಒತ್ತಿ ಹಿಡಿದು ಎತ್ತಲು ಹೇಳಿದರು, ಹಿಮ್ಮಡಿಯ ಮೇಲೆ ನಡೆಸಿದರು, ಮತ್ತೆ ಸ್ಕ್ಯಾನಿಂಗಿಗೆ ಕಳಿಸಿದರು. ಇನ್ನೊಮ್ಮೆ ಆಪರೇಷನ್ ಬೇಕೋ ಬೇಡವೋ ಎಂಬುದು ಅದರಲ್ಲಿ ಗೊತ್ತಾಗಬೇಕಿತ್ತು. ಬೆಂಚಿನ ಮೇಲೆ ಕಾದ ಆ ಎರಡು ಗಂಟೆ ಅವಳು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ.

ಹೊಸದಾಗಿ ಏನೂ ಜಾರಿರಲಿಲ್ಲ. ನರ ಕೆರಳಿದೆ, ಅಷ್ಟೆ ಎಂದರು. ಗಾಯ ಚಿಕ್ಕದಿತ್ತಲ್ಲ, ಅದಕ್ಕೇ ಕರೆದೆ ಎಂದು ನಾನು ಒಪ್ಪಿಕೊಂಡೆ.

"ಹೋಗುವ ದಾರಿ ಬೇರೆ, ಒಳಗೆ ಮಾಡಿದ ಕೆಲಸ ಒಂದೇ ಅಮ್ಮ" ಎಂದರು ಡಾಕ್ಟರು. ಸಣ್ಣ ತೂತಿನಲ್ಲಿ ಚರ್ಮಕ್ಕೂ ಮಾಂಸಕ್ಕೂ ಪೆಟ್ಟು ಕಡಿಮೆ, ಹಾಗಾಗಿ ಬೇಗ ಓಡಾಡಬಹುದು. ಆದರೆ ಡಿಸ್ಕ್ ಮಾಯಲು ಅದರಷ್ಟಕ್ಕೆ ದಿನ ಬೇಕೇ ಬೇಕು. ಹಾಗಿದ್ದರೆ ನನಗೂ ಸಣ್ಣದನ್ನೇ ಯಾಕೆ ಮಾಡಲಿಲ್ಲ ಎಂದು ಕೇಳಿಯೇಬಿಟ್ಟೆ. ನನ್ನದರಲ್ಲಿ ಚೂರು ದೊಡ್ಡದು, ನರದ ದಾರಿಯೂ ಇಕ್ಕಟ್ಟಾಗಿತ್ತು, ಇವತ್ತು ಬಂದಿದ್ದರೂ ತೆರೆದೇ ಮಾಡುತ್ತಿದ್ದೆ ಎಂದರು. ಹೊಟ್ಟೆಕಿಚ್ಚು ಅಲ್ಲಿಗೆ ಮುಗಿಯಿತು.

ಮನೆಗೆ ಬಂದ ಮೇಲೆ ಅತ್ತೆ ಎಲ್ಲ ಕೇಳಿ, "ಇವ್ಳಿಗೂ ಪೂರಾ ಬಾಣಂತನವೇ ಸೈ" ಅಂದರು. ಗಂಡಸರು ಸೊಪ್ಪು ಹೊತ್ತರು. ಅವಳು ಹುಳದ ಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ಕುರ್ಚಿ ಹಾಕಿಕೊಂಡು, ಯಾವ ಮೂಲೆಯಲ್ಲಿ ಸೊಪ್ಪು ತೆಳ್ಳಗಾಯಿತು ಎಂದು ಹೇಳುತ್ತಿದ್ದಳು. ಅವಳ ಗಂಡ, ನನ್ನ ಮೈದುನ, ಅವಳನ್ನು ಮೇಡಂ ಎಂದೇ ಕರೆಯತೊಡಗಿದ. ಕಾಲುನೋವು ದಿನದಿನಕ್ಕೆ ಇಳಿಯಿತು.

ಡಾಕ್ಟರು ಒಪ್ಪಿದ ಮೇಲೆ, ಹುಳದ ಮುಂದಿನ ಬೆಳೆಯಲ್ಲಿ ಅವಳು ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟು ಕೂತು, ಒಂದು ಹಿಡಿ ಸೊಪ್ಪು ತೆಗೆದುಕೊಂಡು ಎದ್ದಳು. ನಾನು ಎದುರಿಗೆ ನಿಂತಿದ್ದೆ.

"ನಂಗೇನೂ ಆಗ್ನಿಲ್ಲ ಕಣಕ್ಕ" ಅಂದಳು. "ನೀನು ಉಸ್ರು ಬುಡು."