ಕ್ಷೌರದ ಕುರ್ಚಿಯಲ್ಲಿ ಕೊಟ್ಟ ಸಲಹೆ

ಡಾಕ್ಟರುಗಳ ಪರವಾಗಿ ವಾದಿಸುವ ಆ ವಕೀಲರಿಗೆ ಡಾಕ್ಟರುಗಳೇ ಒಂದು ಅಡ್ಡಹೆಸರು ಇಟ್ಟಿದ್ದರು: ಬೀಗದ ವಕೀಲರು. ಯಾವ ಆಸ್ಪತ್ರೆಗೆ ಕಾನೂನು ತಿಳಿವಳಿಕೆ ಕೊಡಲು ಹೋದರೂ ಅವರ ಭಾಷಣ ಶುರುವಾಗುತ್ತಿದ್ದುದು ಒಂದೇ ಮಾತಿನಿಂದ. "ಮೊದಲು ಬಾಯಿಗೆ ಬೀಗ ಹಾಕಿ." ಸಭೆಯಲ್ಲಿದ್ದವರು ನಗುತ್ತಿದ್ದರು. ನಗು ನಿಂತ ಮೇಲೆ ಅವರು ಮುಂದುವರಿಸುತ್ತಿದ್ದರು. "ಬೀದೀಲಿ, ಮಹಾರಾಯರೇ. ರೋಗಿ ಮುಂದೆ ಅಲ್ಲ. ರೋಗಿ ಮುಂದೆ ಬಾಯಿ ತೆಗೀರಿ. ನೀವು ಮಾಡೋದು ಬರೀ ಉಲ್ಟಾ."

ಇದನ್ನು ಅವರು ಪುಸ್ತಕ ಓದಿ ಕಲಿತದ್ದಲ್ಲ. ವಕೀಲರಾಗುವ ಮೊದಲು ಅವರು ಔಷಧ ಕಂಪನಿಯೊಂದರ ಚರ್ಮದ ಚೀಲ ಹೊತ್ತು ಊರೂರು ತಿರುಗಿದವರು. ಡಾಕ್ಟರು ಒಳಗೆ ಕರೆಯುವ ತನಕ ರೋಗಿಗಳ ಜೊತೆ ಅದೇ ಬೆಂಚಿನ ಮೇಲೆ ಕೂತು ಕಾಯಬೇಕಿತ್ತು. ಒಳಗಿನಿಂದ ಬಂದವರನ್ನು ಮನೆಯವರು "ಏನಂದ್ರು?" ಎಂದು ಕೇಳುವುದನ್ನು, ಅವರು ಚೀಟಿ ತಿರುವಿ ಮುರುವಿ ನೋಡುತ್ತಾ "ಏನೂ ಅನ್ಲಿಲ್ಲ, ಬರೆದು ಕೊಟ್ರು" ಎನ್ನುವುದನ್ನು ಕೇಳಿ ಕೇಳಿ ವಕೀಲರ ಕಿವಿ ಹಣ್ಣಾಗಿತ್ತು. ಸಂಜೆ ಕಾಲೇಜಿನಲ್ಲಿ ಕಾನೂನು ಓದಿ ಕರಿಕೋಟು ತೊಟ್ಟ ಮೇಲೆ, ಡಾಕ್ಟರುಗಳ ಮೇಲೆ ನೋಟೀಸು ಬಂದಾಗಲೆಲ್ಲ ಆ ಬೆಂಚೇ ಅವರ ಕಣ್ಣ ಮುಂದೆ ಬರುತ್ತಿತ್ತು.

"ಚಾಕು ತಪ್ಪಿತು ಅಂತ ಕೇಸು ಹಾಕೋರು ಕಮ್ಮಿ. ಕೇಳಿದ್ದಕ್ಕೆ ಮುಖ ತಿರುಗಿಸ್ಕೊಂಡು ಹೋದ್ರು ಅಂತ ಹಾಕೋರೇ ಜಾಸ್ತಿ," ಎಂದು ಅವರು ಗಂಟಲು ಹರಿಯುವಂತೆ ಹೇಳುತ್ತಿದ್ದರು. ಡಾಕ್ಟರುಗಳು ತಲೆದೂಗುತ್ತಿದ್ದರು. ಭಾಷಣ ಮುಗಿದು ಬಿಸ್ಕತ್ತಿನ ತಟ್ಟೆ ಬಂದ ಮೇಲೆ ಯಾರಾದರೊಬ್ಬರು ಮೆಲ್ಲಗೆ ಪಕ್ಕಕ್ಕೆ ಬಂದು, "ಅದೆಲ್ಲ ಸರಿ ಸಾರ್, ಯಾವ ಕಾಗದಕ್ಕೆ ಸಹಿ ಹಾಕಿಸ್ಕೊಂಡ್ರೆ ಕೇಸೇ ಬರಲ್ಲ?" ಎಂದು ಕೇಳುತ್ತಿದ್ದರು. ವಕೀಲರು ಮನೆಗೆ ಬಂದು ಚಪ್ಪಲಿಯನ್ನು ಮೂಲೆಗೆ ಎಸೆಯುತ್ತಿದ್ದ ರೀತಿಯಲ್ಲೇ ಅಂದಿನ ಭಾಷಣ ಹೇಗಾಯಿತೆಂದು ಹೆಂಡತಿಗೆ ತಿಳಿಯುತ್ತಿತ್ತು.

ಅಂಥ ನೂರು ಡಾಕ್ಟರುಗಳನ್ನು ಅವರು ಸಹಿಸಬಲ್ಲವರಾಗಿದ್ದರು. ಸಹಿಸಲಾಗದವನು ಒಬ್ಬನೇ, ಹೆಂಡತಿಯ ತಮ್ಮ.

ಭಾವಮೈದ ಒಳ್ಳೆಯ ಡಾಕ್ಟರು. ಪಕ್ಕದ ಬೀದಿಯಲ್ಲಿ, ಮಹಡಿ ಮನೆಯೊಂದರ ಕೆಳಗೆ ಅವನ ಕ್ಲಿನಿಕ್ಕು. ಅಲ್ಲಿ ಕೂತಾಗ ಅವನಷ್ಟು ನಿಧಾನವಾಗಿ ರೋಗಿಯನ್ನು ನೋಡುವವರು ಇಲ್ಲ. ಆದರೆ ಬಾಗಿಲು ಹಾಕಿ ಬೀದಿಗೆ ಇಳಿದನೆಂದರೆ ಅವನ ನಾಲಿಗೆಗೆ ಲಗಾಮು ಇರುತ್ತಿರಲಿಲ್ಲ. ತರಕಾರಿ ಆರಿಸುತ್ತಾ ತರಕಾರಿಯವಳ ಮಂಡಿನೋವಿಗೆ ಮಾತ್ರೆ ಹೇಳುವನು. ಬಸ್ಸಿನ ಕಿಟಕಿಯಿಂದ ಯಾರೋ "ಡಾಕ್ಟ್ರೇ, ತಲೆಸುತ್ತು!" ಎಂದು ಕೂಗಿದರೆ, ಬಸ್ಸು ಹೊರಡುವುದರೊಳಗೆ ಉತ್ತರ ಕೂಗುವನು.

"ಬಾಯಾ ಅದು, ಛತ್ರದ ಬಾಗಿಲಾ? ಬಂದವರಿಗೆಲ್ಲ ತೆರ್ಕೊಂಡಿರತ್ತೆ," ಎಂದು ವಕೀಲರು ಬೈಯುತ್ತಿದ್ದರು.

"ಕೇಳಿದ್ರೆ ಹೇಳ್ದೆ ಇರೋದು ಹೇಗೆ ಭಾವ? ಕೊಬ್ಬು ಅಂತಾರೆ," ಎನ್ನುತ್ತಿದ್ದ ಅವನು.

ಕೊನೆಗೆ ಆಗಬಾರದ್ದು ಆಯಿತು. ಒಂದು ಭಾನುವಾರ ಡಾಕ್ಟರು ಕ್ಷೌರದಂಗಡಿಯ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಕೆನ್ನೆ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ. ಎರಡು ಅಂಗಡಿ ಆಚೆ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ದರ್ಜಿ ಕುಂಟುತ್ತಾ ಒಳಗೆ ಬಂದ. ಬಲಗಾಲಿನ ಮೀನಖಂಡ ಹಿಂಡುತ್ತಿದೆ, ನಡೆಯಲು ಆಗುತ್ತಿಲ್ಲ ಎಂದ. ಡಾಕ್ಟರು ಕಣ್ಣೂ ತೆರೆಯಲಿಲ್ಲ. ನೊರೆಯೊಳಗಿಂದಲೇ, "ದಿನವೆಲ್ಲ ಪೆಡಲ್ ತುಳೀತೀಯಲ್ಲ, ನರ ಹಿಡ್ಕೊಂಡಿದೆ. ಬಿಸಿನೀರು ಹಾಕು, ಹೋಗತ್ತೆ," ಎಂದ.

ದರ್ಜಿ ಡಾಕ್ಟರ ಮಾತನ್ನು ನಂಬಿ ಬಿಸಿನೀರು ಹಾಕುತ್ತಾ ಕೂತ. ನರ ಹಿಡಿದಿರಲಿಲ್ಲ, ರಕ್ತನಾಳ ಮುಚ್ಚಿಹೋಗಿತ್ತು. ವಾರ ಕಳೆಯುವುದರೊಳಗೆ ಬೆರಳುಗಳು ಕಪ್ಪಾದವು. ದೊಡ್ಡ ಆಸ್ಪತ್ರೆಯಲ್ಲಿ ಬಲಪಾದದ ಮುಂದಿನ ಅರ್ಧ ಭಾಗವನ್ನು ತೆಗೆದರು. ಮಿಷನ್ ತುಳಿದು ಸಂಸಾರ ಸಾಕುತ್ತಿದ್ದ ಕಾಲು ಅದು. ಅವನು ವೈದ್ಯರ ಮಂಡಳಿಗೆ ದೂರು ಕೊಟ್ಟ. ನೋಡದೆ ಸಲಹೆ ಕೊಟ್ಟ ಈ ಡಾಕ್ಟರ ನೋಂದಣಿ ರದ್ದಾಗಬೇಕು ಎಂದು ಕೇಳಿದ.

ನೋಂದಣಿ ಹೋದರೆ ಕ್ಲಿನಿಕ್ಕಿನ ಬೋರ್ಡು ಇಳಿದಂತೆಯೇ. ಆ ದಿನ ವಕೀಲರ ಮನೆಯಲ್ಲಿ ಊಟದ ತಟ್ಟೆಗಳು ಹಾಗೇ ಕೂತಿದ್ದವು.

"ಊರವರನ್ನೆಲ್ಲ ಉಳಿಸ್ತೀರಿ. ನನ್ನ ತಮ್ಮನ್ನ ಉಳಿಸೋಕಾಗಲ್ವಾ?" ಎಂದಳು ಹೆಂಡತಿ.

"ಊರವರು ನಾನು ಹೇಳಿದ್ದು ಕೇಳ್ತಾರೆ ಕಣೇ. ಇವನು ಬೀಗ ಹಾಕು ಅಂದ್ರೆ ಬಾಗಿಲನ್ನೇ ಕಿತ್ತು ಕೊಡ್ತಾನೆ."

ಡಾಕ್ಟರು ತಲೆ ತಗ್ಗಿಸಿ ಕೂತಿದ್ದ. ವಕೀಲರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. "ನೋಡು, ದಾರಿ ಇದೆ. ಅವನು ನಿನ್ನ ಕ್ಲಿನಿಕ್ಕಿಗೆ ಬರ್ಲಿಲ್ಲ. ನೀನು ಕಾಲು ಮುಟ್ಲಿಲ್ಲ, ಔಷಧಿ ಬರೀಲಿಲ್ಲ. ಹಾಗಾಗಿ ಅವನು ನಿನ್ನ ರೋಗಿನೇ ಅಲ್ಲ. ಅದು ಕ್ಷೌರದಂಗಡಿ ಹರಟೆ. ರಕ್ತ ಓಡದ ಕಾಲು ತಣ್ಣಗಾಗತ್ತೆ. ಹಾಗೆ ತಣ್ಣಗಾಗಿದೆ ಅಂತ ನಿನಗೆ ಹೇಳಿದ್ನಂತೆ, ದೂರಲ್ಲಿ ಬರ್ದಿದಾನೆ. ಹೇಳಿದ್ನಾ?"

"ನನಗೆ ಕೇಳಿಸ್ಲಿಲ್ಲ ಭಾವ."

"ಸರಿ. ಅವನು ಹೇಳ್ಲಿಲ್ಲ."

"ಕೇಳಿಸ್ಲಿಲ್ಲ ಅಂದೆ. ಹೇಳ್ಲಿಲ್ಲ ಅನ್ನಲಿಲ್ಲ."

ವಕೀಲರು ಹೆಂಡತಿಯ ಕಡೆ ತಿರುಗಿದರು. "ನೋಡಿದ್ಯಾ? ನೋಡಿದ್ಯಾ ನಿನ್ನ ತಮ್ಮನ್ನ? ಎದುರು ಪಕ್ಷದ ವಕೀಲರೂ ನನ್ನನ್ನ ಹೀಗೆ ಹಿಡಿಯಲ್ಲ." ಮತ್ತೆ ಭಾವಮೈದನ ಕಡೆ ತಿರುಗಿದರು. "ಸುಳ್ಳು ಹೇಳು ಅಂತ ಯಾರೂ ಅನ್ತಿಲ್ಲಪ್ಪ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಹೌದು, ಇಲ್ಲ, ನೆನಪಿಲ್ಲ. ಅಷ್ಟೇ. ಅದರ ಮೇಲೆ ಒಂದು ಅಕ್ಷರ ಆಡಿದ್ರೆ ನಾನು ಕೋಟು ಬಿಚ್ಚಿ ಮನೆಗೆ ಹೋಗ್ತೀನಿ."

ವಿಚಾರಣೆಗೆ ಇನ್ನೂ ಸಮಯವಿತ್ತು. ಈ ನಡುವೆ ಒಂದು ಸಂಜೆ ವಕೀಲರು ದೂರಿಗೆ ಬರೆದ ಉತ್ತರದ ಕರಡು ಪ್ರತಿಗೆ ಸಹಿ ಹಾಕಿಸಲು ಕ್ಲಿನಿಕ್ಕಿಗೆ ಹೋದರು. ಹೊರಗಿನ ಬೆಂಚಿನ ತುಂಬ ಜನ. ಅವರ ಮಧ್ಯೆ ಊರುಗೋಲು ತೊಡೆಯ ಮೇಲಿಟ್ಟುಕೊಂಡು, ಕೈಯಲ್ಲಿ ಸರದಿಯ ಚೀಟಿ ಹಿಡಿದು ಕೂತಿದ್ದವನು ಅದೇ ದರ್ಜಿ.

ವಕೀಲರು ನೇರವಾಗಿ ಅವನ ಎದುರಿಗೆ ಹೋಗಿ ನಿಂತರು. "ನೀವು ಇಲ್ಲೇನ್ ಮಾಡ್ತಿದೀರಿ?"

"ಕೆಮ್ಮು ಸ್ವಾಮಿ. ಎದೆ ಕಟ್ಟಿದೆ."

"ಈ ಡಾಕ್ಟರ ಮೇಲೇ ಅಲ್ವೇನ್ರೀ ನೀವು ದೂರು ಕೊಟ್ಟಿರೋದು?"

"ದೂರು ಕಾಲಿಂದು. ಇದು ಕೆಮ್ಮು," ಎಂದ ದರ್ಜಿ, ಚಿಕ್ಕ ಮಕ್ಕಳಿಗೆ ವಿವರಿಸುವ ಹಾಗೆ. "ಕೆಮ್ಮಿಗೆ ಇವರ ಕೈಗುಣ ಚೆನ್ನಾಗಿದೆ. ಆದ್ರೆ ಈ ಸಲ ಚೀಟಿ ತಗೊಂಡೇ ಬಂದಿದೀನಿ."

ವಕೀಲರು ಸರದಿ ತಪ್ಪಿಸಿ ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. "ಹೊರಗೆ ಯಾರು ಕೂತಿದಾರೆ ಗೊತ್ತಾ ನಿನಗೆ?"

"ಗೊತ್ತು. ನಿನ್ನೆನೂ ಬಂದಿದ್ದ. ಗಾಯಕ್ಕೆ ಪಟ್ಟಿ ಬದಲಾಯಿಸ್ದೆ."

"ಪಟ್ಟಿ! ಕಾಲಿನ ಪಟ್ಟಿ! ಅವನು ನಿನ್ನ ರೋಗಿನೇ ಅಲ್ಲ ಅಂತ ನಾನಿಲ್ಲಿ ಪುಟಗಟ್ಟಲೆ ಬರ್ಕೊಂಡು ಬಂದಿದೀನಿ. ನೀನು ಅದೇ ಕಾಲಿಗೆ ಪಟ್ಟಿ ಕಟ್ತಾ ಕೂತಿದೀಯಾ?"

"ಗಾಯಕ್ಕೆ ಕೇಸಿನ ವಿಷಯ ಗೊತ್ತಾಗಲ್ವಲ್ಲ ಭಾವ. ಹಾಗೇ ಬಿಟ್ರೆ ಕೀವಾಗತ್ತೆ."

ಕರಡಿನ ಕಾಗದಗಳಿಂದಲೇ ವಕೀಲರು ತಮ್ಮ ಹಣೆ ಬಡಿದುಕೊಂಡರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕನಿಷ್ಠ ಸುಮ್ಮನಾದರೂ ನಿಂತಿರುತ್ತದೆ. ಇವನು ಕಿನ್ನರಿಯನ್ನೇ ತುಳಿಯುವವನು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರಾಚೆ ಮೂವರು ಹಿರಿಯ ಡಾಕ್ಟರುಗಳು, ಸದ್ದು ಮಾಡುವ ಒಂದು ಫ್ಯಾನು. ದರ್ಜಿ ಒಂದು ಪಕ್ಕ, ಡಾಕ್ಟರು ಮತ್ತು ವಕೀಲರು ಇನ್ನೊಂದು ಪಕ್ಕ. ಸಾಕ್ಷಿಯಾಗಿ ಬಂದ ಕ್ಷೌರಿಕ ಇಬ್ಬರಿಗೂ ಒಂದೇ ಅಳತೆಯಲ್ಲಿ ನಮಸ್ಕಾರ ಮಾಡಿ ಮಧ್ಯೆ ನಿಂತ.

"ಇಬ್ರೂ ನನ್ನ ಗಿರಾಕಿಗಳೇ ಸ್ವಾಮಿ, ಅದನ್ನ ಮೊದ್ಲೇ ಹೇಳಿಬಿಡ್ತೀನಿ," ಎಂದ.

"ಕಾಲು ತಣ್ಣಗಿದೆ ಅಂತ ಇವರು ಹೇಳಿದ್ರಾ?" ಎಂದು ಮಂಡಳಿಯ ಅಧ್ಯಕ್ಷರು ಕೇಳಿದರು.

"ಹೇಳಿದ್ರು. ಡಾಕ್ಟ್ರಿಗೆ ಕೇಳಿಸ್ತೋ ಇಲ್ವೋ ಗೊತ್ತಿಲ್ಲ. ನಾನು ಆಗ ಕಿವಿ ಪಕ್ಕ ಕತ್ತಿ ಆಡಿಸ್ತಿದ್ದೆ. ಕತ್ತಿ ಕಿವಿ ಹತ್ರ ಇದ್ದಾಗ ಮಾತಾಡ್ಬೇಡಿ ಅಂತ ಡಾಕ್ಟ್ರಿಗೆ ವರ್ಷಗಟ್ಟಲೆಯಿಂದ ಹೇಳ್ತಾ ಇದೀನಿ. ಕೇಳಲ್ಲ."

"ನಾನೂ ಅಷ್ಟೇ ಕಣಪ್ಪಾ," ಎಂಬ ಮಾತು ವಕೀಲರ ನಾಲಿಗೆ ತುದಿಯವರೆಗೆ ಬಂದು ನಿಂತಿತು.

ಅವರ ವಾದ ಚೆನ್ನಾಗಿಯೇ ನಡೆಯಿತು. ಪರೀಕ್ಷೆ ಇಲ್ಲ, ಚೀಟಿ ಇಲ್ಲ, ಶುಲ್ಕ ಇಲ್ಲ. ಬೀದಿಯಲ್ಲಿ ಆಡಿದ ಒಂದು ಮಾತಿಗೆ ಡಾಕ್ಟರನ್ನು ಶಿಕ್ಷಿಸಿದರೆ ನಾಳೆ ಯಾವ ಡಾಕ್ಟರೂ ನೆರೆಯವರ ಜೊತೆ ಮಾತಾಡುವಂತಿಲ್ಲ ಎಂದರು. ಅಧ್ಯಕ್ಷರು ಎರಡು ಬಾರಿ ತಲೆದೂಗಿದರು. ಆಮೇಲೆ ಕನ್ನಡಕ ತೆಗೆದು ಡಾಕ್ಟರನ್ನು ಕೇಳಿದರು.

"ಅದೇ ಮನುಷ್ಯ ನಿಮ್ಮ ಕ್ಲಿನಿಕ್ಕಿಗೆ ಬಂದು ಅದನ್ನೇ ಹೇಳಿದ್ರೆ ಏನ್ಮಾಡ್ತಿದ್ರಿ?"

ವಕೀಲರು ಮೇಜಿನ ಕೆಳಗೆ ಭಾವಮೈದನ ಕಾಲನ್ನು ಬಲವಾಗಿ ತುಳಿದರು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

"ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕ್ತಿದ್ದೆ. ಸಿಕ್ಕದಿದ್ರೆ ಆವತ್ತೇ ದೊಡ್ಡಾಸ್ಪತ್ರೆಗೆ ಕಳಿಸ್ತಿದ್ದೆ. ಬಿಸಿನೀರು ಹಾಕು ಅಂತ ಖಂಡಿತ ಅನ್ತಿರಲಿಲ್ಲ." ಅಷ್ಟಕ್ಕೆ ನಿಲ್ಲಿಸಿದ್ದರೂ ವಕೀಲರು ಹೇಗೋ ಸುಧಾರಿಸುತ್ತಿದ್ದರು. ಅವನು ದರ್ಜಿಯ ಕಡೆಗೆ ತಿರುಗಿದ. "ಕಣ್ಣು ಬಿಟ್ಟೂ ನೋಡ್ದೆ ಹೇಳಿಬಿಟ್ಟೆ. ಎದ್ದು ನೋಡ್ಬೇಕಿತ್ತು. ನನ್ನ ತಪ್ಪು."

ವಕೀಲರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ಇನ್ನು ಬರೆದುಕೊಳ್ಳುವುದೇನೂ ಉಳಿದಿರಲಿಲ್ಲ.

ದರ್ಜಿ ತನ್ನ ಬಲಗಾಲಿನ ಬೂಟನ್ನೇ ನೋಡುತ್ತಿದ್ದ. ಅದರ ಮುಂಭಾಗಕ್ಕೆ ಅವನೇ ಹತ್ತಿ ತುರುಕಿ ಹೊಲಿಗೆ ಹಾಕಿದ್ದ. "ನಾನೂ ಚೀಟಿ ತಗೊಂಡು ಕ್ಲಿನಿಕ್ಕಿಗೆ ಹೋಗ್ಬೋದಿತ್ತು," ಎಂದ. "ಕೆಲಸ ಬಿಟ್ಟು ಕೂರೋಕೆ ಮನಸ್ಸಾಗ್ಲಿಲ್ಲ. ಇವರು ಎದುರಿಗೇ ಸಿಕ್ಕಿದ್ರು."

"ಹಾಗಾದ್ರೆ ದೂರು ಹಿಂದಕ್ಕೆ ತಗೋತೀರಾ?" ಎಂದರು ಅಧ್ಯಕ್ಷರು.

"ಇಲ್ಲ. ಕೆಟ್ಟವರು ಅಂತ ದೂರು ಕೊಟ್ಟಿಲ್ಲ ಸ್ವಾಮಿ. ಅವರು ಹೇಳಿದ್ದು ಮಾಡಿದೆ, ಕಾಲು ಹೋಯ್ತು. ಅದೇನೂ ಆಗಿಲ್ಲ ಅನ್ನೋ ಹಾಗೆ ಆಗ್ಬಾರ್ದು."

ಆದೇಶ ಬಂತು. ನೋಂದಣಿ ಉಳಿಯಿತು. ಆದರೆ ಡಾಕ್ಟರಿಗೆ ಲಿಖಿತ ಎಚ್ಚರಿಕೆ: ರೋಗಿಯನ್ನು ಪರೀಕ್ಷಿಸದೆ ಇನ್ನೊಮ್ಮೆ ಸಲಹೆ ಕೊಟ್ಟರೆಂಬ ದೂರು ಬಂದರೆ ನೋಂದಣಿ ರದ್ದು. ಡಾಕ್ಟರ ವಿಮೆ ಕಂಪನಿಯವರು ಕೊಸರಾಡಿ ಕೊಸರಾಡಿ ದರ್ಜಿಗೆ ಪರಿಹಾರ ಕೊಟ್ಟರು. ಅವನು ಅದರಲ್ಲಿ ಕಾಲು ಬೇಡದ, ಮೋಟಾರಿನ ಮಿಷನ್ ಕೊಂಡ. ಅದು ಓಡುವ ವೇಗಕ್ಕೆ ಕೈ ಒಗ್ಗದೆ ಮೊದಲು ಹೊಲಿದ ಅಂಗಿಗಳ ತೋಳು ಸೊಟ್ಟಗಾದವು. ಅವುಗಳಲ್ಲಿ ಒಂದು ವಕೀಲರದು. ಅವರು ಏನೂ ಅನ್ನದೆ ಅದನ್ನು ಹಾಕಿಕೊಂಡು ಓಡಾಡಿದರು.

ಭಾವಮೈದನಿಗೆ ಮಾತ್ರ ಆದೇಶವನ್ನು ಎದುರಿಗೆ ಕೂರಿಸಿಕೊಂಡು ಓದಿ ಹೇಳಿದರು. "ಅರ್ಥ ಆಯ್ತಾ? ನಿನ್ನ ಬೋರ್ಡು ಈಗ ಒಂದೇ ಮೊಳೆ ಮೇಲೆ ನೇತಾಡ್ತಿದೆ. ಪರೀಕ್ಷೆ ಮಾಡ್ದೆ ಮಾತಾಡ್ಬೇಡ."

"ಆಯ್ತು ಭಾವ. ಪರೀಕ್ಷೆ ಮಾಡ್ದೆ ಮಾತಾಡಲ್ಲ."

ಅವನು ಅಷ್ಟು ಬೇಗ ಒಪ್ಪಿಕೊಂಡದ್ದೇ ವಕೀಲರಿಗೆ ಅನುಮಾನ ತರಿಸಬೇಕಿತ್ತು. ಹೆಂಡತಿ ಮಾತ್ರ "ಅಬ್ಬಾ, ಬುದ್ಧಿ ಬಂತು," ಎಂದು ನಿಟ್ಟುಸಿರು ಬಿಟ್ಟಳು. ಆಮೇಲೆ ಕೆಲವು ವಾರ ಎಲ್ಲವೂ ಶಾಂತ. ಡಾಕ್ಟರು ತರಕಾರಿ ಅಂಗಡಿಯಲ್ಲಿ ಮಾತಾಡಲಿಲ್ಲ, ಬಸ್ಸಿಗೆ ಉತ್ತರ ಕೂಗಲಿಲ್ಲ ಎಂಬ ಸುದ್ದಿಗಳು ಬಂದವು. ವಕೀಲರು ತಮ್ಮ ಭಾಷಣಕ್ಕೆ ಇದನ್ನು ಉದಾಹರಣೆಯಾಗಿ ಸೇರಿಸಿಕೊಳ್ಳುವ ಯೋಚನೆಯಲ್ಲಿದ್ದರು.

ಒಂದು ಭಾನುವಾರ ಅವರು ಗಡ್ಡ ಹೆರೆಸಲು ಕ್ಷೌರದಂಗಡಿಗೆ ಹೋದರು. ಕುರ್ಚಿಯಲ್ಲಿ ಕೂತಿದ್ದವನು ಪೇಂಟರು, ಮೈಯೆಲ್ಲ ಬಣ್ಣದ ಕಲೆ. ಅವನ ಕೆನ್ನೆಗೆ ನೊರೆ ಇರಲಿಲ್ಲ. ಪ್ಯಾಂಟಿನ ಒಂದು ಕಾಲು ಮಂಡಿಯವರೆಗೆ ಮಡಚಿತ್ತು. ಅವನ ಎದುರು, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ತುಂಬ ನೊರೆ, ಕತ್ತರಿಸಿ ಬಿದ್ದ ಕೂದಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಪೇಂಟರ ಪಾದದ ಮೇಲೆ ಎರಡು ಬೆರಳಿಟ್ಟಿದ್ದವನು ಡಾಕ್ಟರು. ಕ್ಷೌರಿಕ ಕತ್ತಿ ಹಿಡಿದು ಗೋಡೆಗೆ ಒರಗಿ ನಿಂತಿದ್ದ.

"ನೊರೆ ಒಣಗ್ತಿದೆ ಡಾಕ್ಟ್ರೇ. ಆಗ್ಲೇ ಎರಡು ಸಲ ಹಚ್ಚಿದೆ," ಎಂದು ಅವನು ಗೊಣಗುತ್ತಿದ್ದ.

"ಅಯ್ಯೋ ನಿನ್ನ!" ವಕೀಲರ ದನಿಗೆ ಕನ್ನಡಿಯ ಮುಂದಿನ ಬಾಚಣಿಗೆಗಳೂ ಅದುರಿದಂತಾಯಿತು. "ಏನೋ ಇದು? ಏನು ಹೇಳಿದ್ದೆ ನಾನು ನಿನಗೆ? ಏನು ಹೇಳಿದ್ದೆ?"

ಡಾಕ್ಟರು ಬೆರಳು ತೆಗೆಯದೆ ತಲೆಯೆತ್ತಿದ. "ಪರೀಕ್ಷೆ ಮಾಡ್ದೆ ಮಾತಾಡ್ಬೇಡ ಅಂದಿದ್ರಿ ಭಾವ. ನಾನಿನ್ನೂ ಮಾತೇ ಆಡಿಲ್ಲ. ಬೇಕಾದ್ರೆ ಇವನನ್ನೇ ಕೇಳಿ."

"ಇಲ್ಲ ಸಾರ್, ಕಾಲು ನೋವು ಅಂದೆ, ಎದ್ದು ಬಂದ್ರು, ಅಷ್ಟೇ," ಎಂದ ಪೇಂಟರು ಗಾಬರಿಯಿಂದ.

"ನಾನು ಮತ್ತೆ ಸಾಕ್ಷಿಗೆ ಬರಲ್ಲ ಸ್ವಾಮಿ, ಈಗ್ಲೇ ಹೇಳಿದೀನಿ," ಎಂದ ಕ್ಷೌರಿಕ.

ವಕೀಲರು ತಲೆಯ ಮೇಲೆ ಕೈ ಹೊತ್ತುಕೊಂಡು ಕಾಯುವವರ ಬೆಂಚಿನ ಮೇಲೆ ಕುಸಿದರು. ಇಷ್ಟು ವರ್ಷದಲ್ಲಿ ಅವರ ಕೈಗೆ ಬಂದ ಯಾವ ಡಾಕ್ಟರೂ ಹೇಳಿದ್ದನ್ನು ಇಷ್ಟು ಚೆನ್ನಾಗಿ ಪಾಲಿಸಿ ಇಷ್ಟು ಹೊಟ್ಟೆ ಉರಿಸಿರಲಿಲ್ಲ. ಎರಡು ಅಂಗಡಿ ಆಚೆಯಿಂದ ಮೋಟಾರು ಮಿಷನ್ನಿನ ಸದ್ದು ಕೇಳುತ್ತಿತ್ತು. ಡಾಕ್ಟರು ಮತ್ತೆ ತಲೆ ಬಗ್ಗಿಸಿ, ಬೆರಳನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದ.

"ಸಿಕ್ತಾ?" ಎಂದರು ವಕೀಲರು, ತಡೆಯಲಾರದೆ.

"ಸಿಕ್ತು. ಚೆನ್ನಾಗಿ ಬಡೀತಿದೆ." ಅವನು ಪೇಂಟರ ಪ್ಯಾಂಟನ್ನು ಕೆಳಗೆ ಇಳಿಸಲು ಹೋದ.

ವಕೀಲರು ಧಡಕ್ಕನೆ ಎದ್ದು ನಿಂತರು. "ಇಳಿಸ್ಬೇಡ! ಇನ್ನೊಂದು ಕಾಲು ಯಾರು ನೋಡ್ತಾರೆ, ನಾನಾ? " ಪೇಂಟರ ಕಡೆ ತಿರುಗಿದರು. "ಮಡಚ್ರಿ, ಆ ಕಾಲಿಂದೂ ಮಡಚ್ರಿ. ಒಂದೇ ಕಾಲು ನೋಡಿ ಕಳಿಸಿಬಿಟ್ರು ಅಂತ ನಾಳೆ ನೋಟೀಸು ಹಿಡ್ಕೊಂಡು ಬರ್ತೀರಿ. ಎಲ್ಲಾ ನನ್ನ ತಲೆ ಮೇಲೇ!"