ಸಾವಿನ ಸುದ್ದಿಯಲ್ಲಿ ಮಾತ್ರ ಬರುತ್ತಿದ್ದ ನಿಶ್ಶಬ್ದ

"ಕಂಪ್ಯೂಟರ್ ನಿನ್ನ ಕೈಗೆ ದಕ್ಕಂಗಿಲ್ಲ ಬಿಡಲೇ. ಡಿಗ್ರಿ ಅಂತೂ ದೂರದ ಮಾತು."

ಹೀಗೆ ಅಂದವರು ಕೊಟ್ಟೂರಿನ ಒಂದು ರೆಕಾರ್ಡಿಂಗ್ ಅಂಗಡಿಯ ಮಾಲೀಕ ಪ್ರಕಾಶಣ್ಣ. ಒಂದು ಸಲವಲ್ಲ, ಅವರ ಬಳಿ ಇದ್ದ ಆರು ವಾರವೂ ಅಂದರು. ಬಿಸಿಎ ಕೊನೆಯ ಸೆಮಿಸ್ಟರಿಗೆ ಎಲ್ಲಾದರೂ ಕೆಲಸ ಕಲಿತ ಸರ್ಟಿಫಿಕೇಟ್ ತರಲೇಬೇಕು. ಅವರು ಸಹಿ ಮಾಡದಿದ್ದರೆ ನನ್ನ ಡಿಗ್ರಿ ಇಲ್ಲ. ಅದು ಅವರಿಗೂ ಗೊತ್ತಿತ್ತು.

ದೆವ್ವದ ಕಥೆ ಕೇಳಿದರೆ ನನಗೆ ಭಯಕ್ಕಿಂತ ಮೊದಲು ಸಿಟ್ಟು ಬರುತ್ತದೆ. ನಮ್ಮಂಥವರನ್ನು ಕತ್ತಲಲ್ಲೇ ಇಡಲು ಹುಟ್ಟಿಸಿದ ಕಥೆಗಳು ಅವು ಎಂದು ನಂಬಿದವನು ನಾನು. ಹಾಗಾಗಿ ಇದನ್ನು ಕಟ್ಟಿ ಹೇಳುವ ಅಗತ್ಯ ನನಗಿಲ್ಲ. ನಡೆದದ್ದು ನಡೆದಿದೆ... ಅವತ್ತು ರೆಕಾರ್ಡ್ ಮಾಡಿದ ಫೈಲ್ ಇನ್ನೂ ನನ್ನ ಫೋನಿನಲ್ಲಿದೆ.

ಅಂಗಡಿ ಅಂದರೆ ಒಂದು ಸಣ್ಣ ಕೋಣೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ, ಒಂದು ಮೈಕು, ಒಂದು ಹಳೆಯ ಕಂಪ್ಯೂಟರ್. ಆಟೋಗೆ ಸ್ಪೀಕರ್ ಕಟ್ಟಿಕೊಂಡು ಊರೆಲ್ಲ ಕೂಗುತ್ತಾ ಹೋಗುತ್ತಾರಲ್ಲ, ಆ ಕೂಗು ತಯಾರಾಗುವುದು ಇಲ್ಲಿ. ಸೀರೆ ಅಂಗಡಿ, ಟ್ಯೂಷನ್, ಹಲ್ಲಿನ ಆಸ್ಪತ್ರೆ... ಮತ್ತು ಸಾವು. ಯಾರಾದರೂ ತೀರಿಕೊಂಡರೆ ಬೆಳಗಾಗುವಷ್ಟರಲ್ಲಿ ಆಟೋ ಹೊರಡಬೇಕು. ಅದಕ್ಕೇ ಸಾವಿನ ವಿವರ ಬರೆದ ಚೀಟಿ ಬರುವುದು ಹೆಚ್ಚಾಗಿ ರಾತ್ರಿ. ಹಗಲಿನ ಸೀರೆಯೆಲ್ಲ ಮಾಲೀಕರಿಗೆ, ರಾತ್ರಿಯ ಸಾವೆಲ್ಲ ನನಗೆ.

ಅದಕ್ಕೆ ಕಾರಣವನ್ನೂ ಮೊದಲ ದಿನವೇ ಕೊಟ್ಟರು.

"ನಿಮ್ಮ ತಾತ ಊರೂರು ನಡ್ಕೊಂತ ಹೋಗಿ ಸಾವು ಹೇಳ್ತಿದ್ದ. ನೀ ಕುರ್ಚಿ ಮ್ಯಾಲೆ ಕುಂತು ಹೇಳು. ಪ್ರಮೋಷನ್ ಬಂತಲ್ಲಲೇ ದುರ್ಗ್ಯಾ!"

ಅವರು ನಕ್ಕರು.

ತಾತ ನಡೆದದ್ದು ಇಷ್ಟಪಟ್ಟಲ್ಲ. ಕೂಡ್ಲಿಗಿ ಕಡೆಯ ನಮ್ಮೂರಿನಲ್ಲಿ ನಮ್ಮ ಕೇರಿಯವರು ಮಾಡಲೇಬೇಕಾಗಿದ್ದ ಚಾಕರಿ ಅದು. ದೊಡ್ಡ ಮನೆಗಳಲ್ಲಿ ಯಾರು ಸತ್ತರೂ ಅವರ ಬೀಗರ ಊರಿಗೆ, ಹಡಗಲಿಯೇ ಇರಲಿ ಉಚ್ಚಂಗಿದುರ್ಗವೇ ಇರಲಿ, ರಾತ್ರೋರಾತ್ರಿ ಕಂಬಳಿ ಹೊದ್ದು ಪಂಜು ಹಿಡಿದು ಹೊರಡಬೇಕು. ಅಷ್ಟು ದೂರ ಹೋದವನು ಅಂಗಳಕ್ಕೂ ಕಾಲಿಡುವಂತಿಲ್ಲ. ಹೊರಗೆ ನಿಂತೇ ಹೇಳಬೇಕು. ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ನಾನು ಹುಟ್ಟುವ ಮೊದಲೇ ತಾತ ಹೋದ. ಅವನ ದನಿ ನಾನು ಕೇಳಿಲ್ಲ. ಕೇಳಿದ್ದು ಆ ಬೊಗಸೆಯ ಸಂಗತಿ ಮಾತ್ರ.

ಎರಡನೇ ವಾರದ ಒಂದು ರಾತ್ರಿ, ಹಗರಿಬೊಮ್ಮನಹಳ್ಳಿ ರಸ್ತೆಯ ಹಳ್ಳಿಯೊಂದರಿಂದ ಒಬ್ಬರು ತಮ್ಮ ತಾಯಿ ತೀರಿಕೊಂಡ ಚೀಟಿ ತಂದರು. ಜತೆಗೆ ಸ್ಪೀಕರ್ ಆಟೋ ಓಡಿಸುವ ಖಾಜಾ. ಸದ್ದಾಗದಿರಲೆಂದು ಫ್ಯಾನ್ ಆರಿಸಿ, ಚೀಟಿ ಓದಿ, ರೆಕಾರ್ಡ್ ಮಾಡಿ ಕೇಳಿಸಿದೆ.

ಟಿಕ್... ಟಿಕ್... ಒಣಕಡ್ಡಿ ಮುರಿದಂತೆ. ಅಲ್ಲಲ್ಲಿ ಅಕ್ಷರಗಳೇ ಮಾಯ. 'ಅಂತ್ಯಕ್ರಿಯೆ' ಎಂದದ್ದು 'ಅಂತ್...ಯೆ' ಆಗಿತ್ತು. 'ನಿನ್ನೆ ನಿಧನರಾದ' ಎಂದಮೇಲೆ, ಹೆಸರಿಗೆ ಮೊದಲು...

ನಿಶ್ಶಬ್ದ.

ಓದುವಾಗ ನಾನು ಅಲ್ಲಿ ನಿಂತಿರಲೇ ಇಲ್ಲ.

"ಅವ್ವನ ಹೆಸ್ರು ಹೋತೇನ್ರಿ?" ಎಂದು ಆ ಮಗ ಮೆಲ್ಲಗೆ ಕೇಳಿದರು. ಅಷ್ಟರಲ್ಲಿ ಹೆಸರು ಬಂತು.

ಮತ್ತೆ ಮೂರು ಸಲ ಓದಿದೆ. ಟಿಕ್ ಟಿಕ್ ಜಾಗ ಬದಲಿಸಿತು. ನಿಶ್ಶಬ್ದ ಮಾತ್ರ ಅಲ್ಲೇ ಇತ್ತು. ಅವರು ಹೊರಗೆ ಹೋದ ಮೇಲೆ ಖಾಜಾ ಕಿವಿಯ ಹತ್ತಿರ ಬಂದ. "ಕಂಪ್ಯೂಟರಿಗೂ ಸೂತಕ ಹತ್ತೈತೇನ್ ಭಾಯ್?"

ಮುಂದಿನ ಮೂರು ವಾರವೂ ಇದೇ ಹಾಡು. ಸಾವಿನ ಚೀಟಿ ಬಂದ ರಾತ್ರಿಯೆಲ್ಲ ಇದೇ. ಐದನೇ ವಾರ ಮುಗಿದಾಗ ಮಾಲೀಕರು ಹಗಲಿನ ತಮ್ಮ ಜಾಹೀರಾತೊಂದನ್ನು ಹಾಕಿ ನನಗೆ ಕೇಳಿಸಿದರು.

"ಕೇಳು. ನನ್ನ ಸೀರಿ ಕನ್ನಡಿ ಇದ್ದಂಗ ಬಂದೈತಿ. ಅದೇ ಮೈಕು, ಅದೇ ಕಂಪ್ಯೂಟರ್. ಕೈಗುಣ ಅಂತ ಒಂದ್ ಇರ್ತೈತಲೇ. ಬರೋ ಶನಿವಾರದೊಳಗ ಸರಿ ಆಗ್ಲಿಲ್ಲಂದ್ರ ಸರ್ಟಿಫಿಕೇಟ್ ಮರ್ತುಬಿಡು."

ಕೈಗುಣ! ಮೈಯೆಲ್ಲ ಉರಿಯಿತು. ಈ ಮಾತನ್ನು ನಮ್ಮ ಮನೆಯವರು ಎಷ್ಟು ತಲೆಮಾರು ಕೇಳಬೇಕು?

ಗುರುವಾರ ರಾತ್ರಿ ಹಟ ಹಿಡಿದು ಕೂತೆ. ಅವರ ಸೀರೆಗೂ ನನ್ನ ಸಾವಿಗೂ ಏನು ವ್ಯತ್ಯಾಸ? ಹತ್ತು ಸಲ ಎರಡನ್ನೂ ಕೇಳಿದ ಮೇಲೆ ಹೊಳೆಯಿತು. ಸೀರೆಯ ಹಿಂದೆ ಮ್ಯೂಸಿಕ್ ಓಡುತ್ತಿರುತ್ತದೆ. ಸಾವಿಗೆ ಯಾರು ಮ್ಯೂಸಿಕ್ ಹಾಕುತ್ತಾರೆ? ಬರೀ ದನಿ. ಮ್ಯೂಸಿಕ್ ಓಡುವಾಗ ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿಗೆ ಕೈತುಂಬ ಕೆಲಸ, ಎಚ್ಚರವಾಗಿಯೇ ಇರುತ್ತದೆ. ಬರೀ ದನಿಗೆ ಕೆಲಸ ಕಡಿಮೆ. ವೇಗ ಇಳಿಸಿಕೊಂಡು ನಡುನಡುವೆ ತೂಕಡಿಸುತ್ತದೆ. ಮೈಕಿನಿಂದ ಬರುವ ದನಿ ಅದಕ್ಕಾಗಿ ಕಾಯುವುದಿಲ್ಲ. ಅದು ಕಣ್ಣುಬಿಡುವಷ್ಟರಲ್ಲಿ ಒಂದಿಷ್ಟು ದನಿ ಚೆಲ್ಲಿ ಹೋಗಿರುತ್ತದೆ.

ಪವರ್ ಸೆಟ್ಟಿಂಗ್ ತೆರೆದು ನೋಡಿದೆ. 'ಪವರ್ ಸೇವರ್'. ಮಿನಿಮಮ್ ಪ್ರೊಸೆಸರ್ ಸ್ಟೇಟ್, ಅಂದರೆ ಅದು ಇಳಿಯಬಹುದಾದ ಕನಿಷ್ಠ ವೇಗ, ನೂರಕ್ಕೆ ಬರೀ ಐದು. ತಲೆ ಎತ್ತಿದರೆ ಗೋಡೆಯ ಮೇಲೆ ಮಾಲೀಕರದೇ ಅಕ್ಷರ: 'ಕರೆಂಟ್ ಉಳಿಸಿರಿ'.

ನನ್ನ ಕೈಗುಣವಂತೆ!

'ಹೈ ಪರ್ಫಾರ್ಮೆನ್ಸ್'ಗೆ ಹಾಕಿದೆ. ಐದನ್ನು ನೂರಕ್ಕೆ ಏರಿಸಿದೆ. ಮೈಕಿನ ಯುಎಸ್‌ಬಿ ಮಲಗದಂತೆ ಮಾಡಿದೆ. ಕಂಪ್ಯೂಟರನ್ನು ಮತ್ತೆ ಶುರು ಮಾಡಿ, ಅದರ ಮೂಲ ಸೆಟ್ಟಿಂಗ್ ಇರುವ ಬಯಾಸ್ ಒಳಗೆ ಹೋಗಿ, ಪ್ರೊಸೆಸರ್ ಆಳವಾಗಿ ನಿದ್ದೆಗೆ ಜಾರುವುದನ್ನೂ ನಿಲ್ಲಿಸಿದೆ. ಆಮೇಲೆ ಅರ್ಧ ಗಂಟೆ ಹಳೆಯ ಪೇಪರ್ ಓದಿ ರೆಕಾರ್ಡ್ ಮಾಡಿದೆ. ಒಂದು ಟಿಕ್ ಇಲ್ಲ. ಮೇಜು ಗುದ್ದಿದೆ. ಅಕ್ಕಪಕ್ಕದವರು ಎದ್ದರೋ ಏನೋ.

ಶುಕ್ರವಾರ ರಾತ್ರಿ. ಕೊನೆಯ ರಾತ್ರಿ.

ಎರಡು ಗಂಟೆ ದಾಟಿತ್ತು. ಖಾಜಾ ಚೀಟಿ ತಂದ. ಕೊಟ್ಟೂರಿನ ಹಿರಿಯರೊಬ್ಬರು ಹರಪನಹಳ್ಳಿಯ ಮಗಳ ಮನೆಯಲ್ಲಿ ತೀರಿಕೊಂಡಿದ್ದರು. ಫ್ಯಾನ್ ಆರಿಸಿದೆ. ಖಾಜಾ ನನ್ನ ಬೆನ್ನ ಹಿಂದಿನ ಸ್ಟೂಲಿನ ಮೇಲೆ ಕೂತ. 'ನಿನ್ನೆ ನಿಧನರಾದ' ಎಂಬುದಕ್ಕೆ ಹೆಸರನ್ನು ಬೇಕೆಂದೇ ಅಂಟಿಸಿ ಓದಿದೆ. ನೊಣ ಕೂರಲೂ ಜಾಗವಿಲ್ಲದಂತೆ.

ಹಾಕಿ ಕೇಳಿದೆ. ಟಿಕ್ ಇಲ್ಲ. ಅಕ್ಷರವೆಲ್ಲ ಸುಸೂತ್ರ. 'ನಿನ್ನೆ ನಿಧನರಾದ...'

ನಿಶ್ಶಬ್ದ.

ಪ್ರೊಸೆಸರಿನ ವೇಗ ತೋರಿಸುವ ಗೆರೆಯನ್ನು ಪರದೆಯ ಮೂಲೆಯಲ್ಲಿ ತೆರೆದಿಟ್ಟಿದ್ದೆ. ಒಂದು ಕೂದಲಿನಷ್ಟೂ ಇಳಿದಿರಲಿಲ್ಲ. ಮೊದಲ ದಿನವೇ ಕಾಣಬೇಕಾಗಿದ್ದ ಸಂಗತಿ ಆಗ ಕಂಡಿತು. ತೂಕಡಿಸುವ ಪ್ರೊಸೆಸರ್ ದನಿಯನ್ನು ನುಂಗುತ್ತದೆ. ಇಲ್ಲಿ ಏನೂ ಹೋಗಿರಲಿಲ್ಲ... ಏನೋ ಬಂದು ಸೇರಿತ್ತು.

ವಾಲ್ಯೂಮ್ ಪೂರ್ತಿ ಏರಿಸಿದೆ.

ಉಸಿರು.

ನನ್ನದಲ್ಲ. ಬಹುದೂರ ನಡೆದು ಬಂದವರು ನಿಂತು, ಒಮ್ಮೆ ಎಳೆದುಕೊಂಡು, ತಡೆಹಿಡಿದ ಉಸಿರು. ಆ ಬಿರುಬೇಸಿಗೆಯಲ್ಲಿ, ಬಾಗಿಲು ಮುಚ್ಚಿದ ಆ ಕೋಣೆಯಲ್ಲಿ ಒದ್ದೆ ಕಂಬಳಿಯ ವಾಸನೆ... ಸುಟ್ಟ ಎಣ್ಣೆಯ ವಾಸನೆ...

"ದುರುಗೇಶಾ..." ಖಾಜಾ ನನ್ನ ಭುಜ ಹಿಡಿದ. "ನಿನ್ನ ಹಿಂದ ನಾ ಅದೀನಿ. ನನ್ನ ಹಿಂದ ಯಾರದಾರ?"

ಅವನ ಹಿಂದೆ ಮೊಟ್ಟೆ ಟ್ರೇಯ ಗೋಡೆ ಬಿಟ್ಟು ಏನೂ ಇರಲಿಲ್ಲ.

ನನಗೆ ಭಯಕ್ಕಿಂತ ಮೊದಲು ಸಿಟ್ಟು ನೆತ್ತಿಗೇರಿತು. ಸರ್ಟಿಫಿಕೇಟ್ ಕೈಗೆ ಬರುವ ಹೊತ್ತಿನಲ್ಲೇ ಬರಬೇಕಾ? ಯಾರಾದರೂ ಆಗಲಿ! ಆ ನಿಶ್ಶಬ್ದವನ್ನು ಮೌಸಿನಿಂದ ಹಿಡಿದು ಕತ್ತರಿಸಿ ಎಸೆದೆ. ಎರಡೂ ತುದಿ ಜೋಡಿಸಿದೆ. ಕೇಳಿದೆವು. ಹೋಗಿತ್ತು. ನಾನೂ ಕೇಳಿದೆ, ಖಾಜಾನೂ ಕೇಳಿದ. ಫೈಲನ್ನು ಅವನ ಪೆನ್‌ಡ್ರೈವಿಗೂ ನನ್ನ ಫೋನಿಗೂ ಹಾಕಿಕೊಂಡೆ.

ಬೆಳಗಿನ ಜಾವ ಅಂಗಡಿ ಮುಂದಿನ ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದೆ. ಖಾಜಾನ ಆಟೋ ಬೀದಿಗೆ ತಿರುಗಿತು. 'ನಿನ್ನೆ ನಿಧನರಾದ...'

ಸ್ಪೀಕರ್ ನಿಂತಿತು.

ಹೂ ಕಟ್ಟುತ್ತಿದ್ದ ಹೆಂಗಸಿನ ಬೆರಳು ನಿಂತವು. ಸೈಕಲ್ಲಿನವನು ಕಾಲೂರಿದ. ಎದುರು ಮನೆಯ ಮುದುಕರೊಬ್ಬರು ಗೋಡೆ ಹಿಡಿದುಕೊಂಡು ಮೆಲ್ಲಗೆ ಕಟ್ಟೆಯ ಮೇಲೆ ಕೂತರು. ಆಮೇಲೆ ಹೆಸರು ಬಂತು. ಮುದುಕರು ಟವೆಲನ್ನು ಮುಖಕ್ಕೆ ಒತ್ತಿಕೊಂಡರು.

ನನ್ನ ಬಾಯೊಳಗಿನ ನೀರು ಹಾಗೇ ಇತ್ತು.

ಹತ್ತು ಗಂಟೆಗೆ ಮಾಲೀಕರು ಬಂದರು. "ಈಗ ದಾರಿಗೆ ಬಂದಿ ನೋಡು. ಟಿಕ್ಕಿಲ್ಲ ಪಿಕ್ಕಿಲ್ಲ. ಹೆಸ್ರಿಗಿಂತ ಮುಂಚೆ ಒಂದು ಗ್ಯಾಪ್ ಬಿಟ್ಟೀಯಲ್ಲ, ಅದು ಭಾರಿ ಆತು."

"ನಾ ಬಿಟ್ಟಿಲ್ರಿ."

"ಮತ್ತ್ಯಾರು? ನಿಮ್ಮ ತಾತ ಬಂದು ಬಿಟ್ಟು ಹೋದ್ನಾ?" ನಗುತ್ತಲೇ ಸಹಿ ಮಾಡಿ ಸೀಲು ಒತ್ತಿದರು.

ಸರ್ಟಿಫಿಕೇಟನ್ನು ಫೈಲಿನೊಳಗೆ ಇಟ್ಟುಕೊಂಡ ಮೇಲೆಯೇ ಹೇಳಿದೆ. "ಪವರ್ ಸೇವರ್ ಹಾಕಿದೋರು ನೀವ್ರಿ ಅಣ್ಣಾರ. ಕೈಗುಣ ನಿಮ್ದ ಇತ್ತು." ಅವರ ಮುಖ ನೋಡಲು ನಿಲ್ಲಲಿಲ್ಲ.

ಬಸ್ಸಿನಲ್ಲಿ ಫೋನಿನ ಫೈಲ್ ಹಾಕಿದೆ. ನಾನು ಕತ್ತರಿಸಿದ ಫೈಲೇ. ಅದರಲ್ಲೂ ನಿಶ್ಶಬ್ದ ಮರಳಿತ್ತು. ಈಗ ನನ್ನ ಕೈಯಲ್ಲಿ ಡಿಗ್ರಿ ಇದೆ, ನಮ್ಮ ಮನೆಯ ಮೊದಲನೆಯದು. ಅದರಲ್ಲಿ ಓದಿದ ಯಾವ ಪಾಠವೂ ಇದಕ್ಕೆ ಉತ್ತರ ಕೊಡುವುದಿಲ್ಲ. ಒಬ್ಬನೇ ಇರುವಾಗ ಆ ಫೈಲನ್ನು ನಾನು ಇಂದಿಗೂ ಹಾಕುವುದಿಲ್ಲ.

ಅವತ್ತು ಊರಿಗೆ ಹೋದವನೇ ಸರ್ಟಿಫಿಕೇಟನ್ನು ಅಜ್ಜಿಯ ಕೈಗೆ ಕೊಟ್ಟೆ. ಓದು ಬಾರದ ಅಜ್ಜಿ ಅದನ್ನು ತಲೆಕೆಳಗಾಗಿಯೇ ಹಿಡಿದು ಕಣ್ಣಿಗೊತ್ತಿಕೊಂಡಳು. ರಾತ್ರಿ ನಡೆದದ್ದು, ನಾನು ಕತ್ತರಿಸಿದ್ದು, ಎಲ್ಲ ಹೇಳಿ ಫೋನಿನಲ್ಲಿ ಕೇಳಿಸಿದೆ. 'ನಿನ್ನೆ ನಿಧನರಾದ...' ನಿಂತಿದ್ದ ಅಜ್ಜಿ ಕಂಬ ಹಿಡಿದು ಕೂತುಬಿಟ್ಟಳು. ಆಮೇಲೆ ಹೆಸರು ಬಂತು.

"ನಿಮ್ಮ ತಾತ ಹಿಂಗಽ ಹೇಳ್ತಿದ್ದ," ಅಂದಳು. "ಹೊರಗ ನಿಂತ್ಕೊಂಡು, ಹೆಸ್ರು ಹೇಳೋಕಿಂತ ಮುಂಚೆ ಒಂದು ಉಸ್ರು ತಡೀತಿದ್ದ. ಒಳಗ ಇರೋರು ಕುಂದ್ರಲಿ ಅಂತ."

ಸರ್ಟಿಫಿಕೇಟನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಮುಖ ನೋಡಿದಳು.

"ಇಷ್ಟು ಓದಿ, ಅದನ್ನ ಯಾಕ ಕತ್ತರ್ಸಾಕ ಹೋದಿ ಯಪ್ಪಾ?"