ಸ್ಥೈರ್ಯದಿಂದ ವಿನಾಯಿತಿ

ರಬ್ಬರು ಎಂಬ ಪದಾರ್ಥದ ಮೇಲೆ ನನಗೆ ಮೊದಲಿನಿಂದಲೂ ಒಂದು ಬಗೆಯ ಗೌರವ. ಪೆನ್ಸಿಲ್ಲು ಬರೆದು ಹೆಸರು ಗಳಿಸುತ್ತದೆ. ರಬ್ಬರು ಮಾತ್ರ ಬೇರೆಯವರ ತಪ್ಪನ್ನೆಲ್ಲ ಮೈಮೇಲೆ ಎಳೆದುಕೊಂಡು ಸವೆದು, ಕೊನೆಗೊಂದು ದಿನ ಬೆಂಚಿನ ಕೆಳಗೆ ಉರುಳಿ ಕಣ್ಮರೆಯಾಗುತ್ತದೆ. ದಕ್ಷಿಣ ದೆಹಲಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನನಗೆ, ರಬ್ಬರನ್ನು ನೋಡಿಯೇ ಮಗುವಿನ ಜಾತಕ ಹೇಳಿಬಿಡಬಲ್ಲೆನೆಂಬ ಜಂಬವೂ ಇತ್ತು. ಕಚ್ಚಿದ ರಬ್ಬರು, ಪೆನ್ಸಿಲಿನ ಮೊನೆಯಿಂದ ತೂತು ಕೊರೆದ ರಬ್ಬರು, ಗೆಳತಿಯೊಂದಿಗೆ ಜಗಳವಾಡಿ ಎರಡು ತುಂಡಾದ ರಬ್ಬರು, ಎಲ್ಲವನ್ನೂ ಕಂಡಿದ್ದೆ. ಎಂಟನೆಯ ತರಗತಿಯ ಶ್ರಾವ್ಯಾಳ ರಬ್ಬರು ಮಾತ್ರ ಏಪ್ರಿಲಿನಲ್ಲಿ ಹೇಗಿತ್ತೋ ಮಾರ್ಚಿನಲ್ಲಿಯೂ ಹಾಗೆಯೇ, ತೊಟ್ಟ ಕಾಗದದ ಅಂಗಿಯನ್ನೂ ಕಳಚದೆ, ಕಂಪಾಸ್ ಪೆಟ್ಟಿಗೆಯಲ್ಲಿ ಮಲಗಿರುತ್ತಿತ್ತು.

ಶ್ರಾವ್ಯಾ ವಸಂತ್ ಕುಂಜ್‌ನಲ್ಲಿ ನಮ್ಮ ಮೇಲಿನ ಮಹಡಿಯ ಹುಡುಗಿ. ತಂದೆ ಹಾಸನದ ಕಡೆಯವರು, ಕೇಂದ್ರ ಸರ್ಕಾರದಲ್ಲಿ ಅಧಿಕಾರಿ. ತಾಯಿ ಸುಧಾ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಮನೆಯಲ್ಲಿ ನಾನು ಈ ಹುಡುಗಿಗೆ ಆಂಟಿ, ಶಾಲೆಯ ಬಸ್ಸು ಹತ್ತಿದ ಕ್ಷಣದಿಂದ ಮ್ಯಾಮ್. ತಪ್ಪಿಲ್ಲದ ಉತ್ತರ ಪತ್ರಿಕೆ, ತಪ್ಪದ ಮೊದಲ ಸ್ಥಾನ. ನಾವು ಶಿಕ್ಷಕರೆಲ್ಲ ಅದನ್ನು ಪ್ರತಿಭೆಯೆಂದು ಕರೆದು ನಿಶ್ಚಿಂತರಾಗಿದ್ದೆವು. ತಪ್ಪೇ ಮಾಡದ ಮಗು, ತಪ್ಪಾಗಬಹುದಾದ ಕಡೆಗೆ ತಲೆ ಹಾಕಿಯೂ ಮಲಗಿರಲಿಕ್ಕಿಲ್ಲವೆಂಬ ಸಂಶಯ ನಮಗೆ ಬರಲಿಲ್ಲ. ಬರುವುದಾದರೂ ಏಕೆ? ಅಂಥ ಮಕ್ಕಳ ಫೋಟೋ ಶಾಲೆಯ ಗೋಡೆಗೆ ಬಲು ಶೋಭೆ ಕೊಡುತ್ತದೆ.

ಹೀಗಿರುವಾಗ ನಮ್ಮ ಪ್ರಿನ್ಸಿಪಾಲರಾದ ಖನ್ನಾ ಮೇಡಂ ಗ್ರೇಟರ್ ನೋಯ್ಡಾದ ಆಚೆ ಎಲ್ಲೋ ಒಂದು ರೆಸಾರ್ಟಿನಲ್ಲಿ ನಡೆದ ಕಾರ್ಯಾಗಾರಕ್ಕೆ ಹೋಗಿಬಂದರು. ಮಕ್ಕಳು ಕಷ್ಟವನ್ನು ಎದುರಿಸಲು ಕಲಿಯಬೇಕಾದ ಅಗತ್ಯದ ಬಗ್ಗೆ ಅಲ್ಲಿ ಏಸಿಯ ತಂಪಿನಲ್ಲಿ, ಪನೀರು ಟಿಕ್ಕಾ ಮತ್ತು ಗುಲಾಬ್ ಜಾಮೂನುಗಳ ನಡುವೆ, ಗಹನವಾದ ಚಿಂತನೆ ನಡೆಯಿತಂತೆ. ಅಲ್ಲಿಂದ ಮೇಡಂ ಒಂದು ಚೀಲವನ್ನೂ ಒಂದು ಶಬ್ದವನ್ನೂ ತಂದರು. ಚೀಲವನ್ನು ತಾವೇ ಇಟ್ಟುಕೊಂಡು ಶಬ್ದವನ್ನು ನಮಗೆ ಕೊಟ್ಟರು: ರೆಸಿಲಿಯನ್ಸ್.

ಸ್ಟಾಫ್ ರೂಮಿನಲ್ಲಿ ಹಿಂದಿ ಶಿಕ್ಷಕಿ ಅದನ್ನು ‘ಲಚೀಲಾಪನ್’ ಎಂದು ಅನುವಾದಿಸಿದಾಗ ನನಗೆ ಪೈಜಾಮದ ಎಲಾಸ್ಟಿಕ್ಕು ಕಣ್ಣಮುಂದೆ ಬಂತು. ಕನ್ನಡದಲ್ಲಿ ಏನೆನ್ನಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಸ್ಥೈರ್ಯವೆಂದರೆ ಕೊಂಚ ಗಂಭೀರವಾಯಿತು, ತಾಳಿಕೆಯೆಂದರೆ ಮಿಕ್ಸಿಯ ಜಾಹೀರಾತಾಯಿತು. ಮನೆಗೆ ಬಂದು ಯಜಮಾನರನ್ನು ಕೇಳಿದೆ. ಸಚಿವಾಲಯದ ಫೈಲುಗಳ ನಡುವೆಯೇ ತಲೆ ನರೆಸಿಕೊಂಡವರು ಅವರು. “ನಮ್ಮ ಆಫೀಸಲ್ಲಿ ಇದಕ್ಕೆ ಪ್ರಮೋಷನ್ ಕಾಯೋದು ಅಂತಾರೆ ಕಣೇ,” ಎಂದು ಟಿವಿಯತ್ತ ತಿರುಗಿಕೊಂಡರು.

ಮರುದಿನ ಮೇಡಂ ನನ್ನನ್ನು ಕರೆಸಿದರು.

“ಮಾಲತಿ ಜೀ, ಪ್ರತಿ ಶುಕ್ರವಾರ ಎಂಟನೇ ಕ್ಲಾಸಿಗೆ ಒಂದು ಕಠಿಣವಾದ ಲೆಕ್ಕ ಕೊಡಿ. ಮಕ್ಕಳು ಒದ್ದಾಡಬೇಕು. ಸೋಲಬೇಕು. ಮತ್ತೆ ಏಳಬೇಕು.”

“ಆಗಲಿ ಮೇಡಂ.”

“ಆದರೆ ಯಾರಿಗೂ ಮಾರ್ಕ್ಸ್ ಕಡಿಮೆಯಾಗಬಾರದು. ಪೇರೆಂಟ್ಸ್ ಫೋನ್ ಮಾಡಬಾರದು. ಪೀರಿಯಡ್ ಮುಗಿಯುವಷ್ಟರಲ್ಲಿ ಎಲ್ಲರಿಗೂ ಉತ್ತರ ಬಂದಿರಬೇಕು. ಅಚ್ಛಾ?”

ಮೈ ಒದ್ದೆಯಾಗದಂತೆ ಈಜು ಕಲಿಸುವ ಈ ಹೊಣೆಯನ್ನು ಹೊತ್ತು ನಾನು ತರಗತಿಗೆ ನಡೆದೆ.

ಮೊದಲ ಕೆಲವು ವಾರ ಲೆಕ್ಕವನ್ನು ಮನೆಗೆ ಕೊಟ್ಟು ಕಳಿಸಿದೆ. ಸೋಮವಾರ ಬಂದ ಉತ್ತರಗಳನ್ನು ನೋಡಿ ದಂಗಾದೆ. ಎಂಟನೆಯ ತರಗತಿಯ ಮಕ್ಕಳು, ಕಾಲೇಜಿನಲ್ಲಷ್ಟೇ ಪರಿಚಯವಾಗುವ ಸೂತ್ರಗಳನ್ನು ಸಲೀಸಾಗಿ ಪ್ರಯೋಗಿಸಿದ್ದರು. ವಿಚಾರಿಸಿದಾಗ ತಿಳಿಯಿತು: ಅಪ್ಪಂದಿರು ರಜೆಯ ನಿದ್ದೆ ಬದಿಗಿಟ್ಟು ಒಬ್ಬರಿಗೊಬ್ಬರು ಫೋನಾಯಿಸುತ್ತಿದ್ದರು, ಅಪ್ಪಂದಿರೂ ಕೈಚೆಲ್ಲಿದಾಗ ಲೆಕ್ಕವು ಆಟೋ ಹತ್ತಿ ಮುನಿರ್ಕಾಕ್ಕೆ ಹೋಗಿ, ಅಲ್ಲಿ ಬಾಡಿಗೆ ಕೋಣೆಗಳಲ್ಲಿರುವ ಸಂಶೋಧನಾ ವಿದ್ಯಾರ್ಥಿಗಳ ಕೈಯಲ್ಲಿ ಬಿಡಿಸಿಕೊಂಡು ಬರುತ್ತಿತ್ತು. ಮಕ್ಕಳ ಸ್ಥೈರ್ಯ ಇದ್ದಲ್ಲೇ ಇತ್ತು. ಅಪ್ಪಂದಿರದ್ದು ಮಾತ್ರ ಗಮನಾರ್ಹವಾಗಿ ವೃದ್ಧಿಸಿತ್ತು.

ಹಾಗಾಗಿ ಲೆಕ್ಕವನ್ನು ತರಗತಿಯಲ್ಲೇ ಬಿಡಿಸಬೇಕೆಂದು ನಿಯಮ ಮಾಡಿದೆ. ಆ ಶುಕ್ರವಾರ ಕೊಟ್ಟದ್ದು ಒಂದು ತಕ್ಕಡಿ, ಕೆಲವು ನಾಣ್ಯ, ಅವುಗಳಲ್ಲೊಂದು ಖೋಟಾ ನಾಣ್ಯದ ಲೆಕ್ಕ. ಉಳಿದ ಮಕ್ಕಳು ಗಲಾಟೆ ಮಾಡುತ್ತ, ಬರೆದು ಅಳಿಸುತ್ತ, ಪಕ್ಕದವರ ಹಾಳೆಗೆ ಇಣುಕುತ್ತ ಸುಖವಾಗಿ ಸೋತರು. ಶ್ರಾವ್ಯಾ ಮಾತ್ರ ಪೆನ್ಸಿಲನ್ನೂ ಕೈಗೆತ್ತಿಕೊಳ್ಳದೆ, ಬಿಳಿಯ ಹಾಳೆಯನ್ನು ನೋಡುತ್ತ ಕೂತಳು. ಗಂಟೆ ಬಾರಿಸಿದಾಗ ಅವಳ ತುಟಿ ಬೆಳ್ಳಗಾಗಿತ್ತು.

ಮುಂದಿನ ಶುಕ್ರವಾರ ಅವಳಿಗೆ ಹೊಟ್ಟೆನೋವು. ಅದರ ಮುಂದಿನ ಶುಕ್ರವಾರವೂ ಹೊಟ್ಟೆನೋವೇ. ಆಮೇಲೆ ನೋವು ಶುಕ್ರವಾರದ ಶಿಸ್ತನ್ನು ಮೀರಿ ವಾರಕ್ಕೆಲ್ಲ ಹರಡಿತು. ಒಂದು ಸಂಜೆ ಸುಧಾ ನಮ್ಮ ಮನೆಗೆ ಬಂದು, ಕೂರೆಂದರೂ ಕೂರದೆ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ಅವಳು ಸರಿಯಾಗಿ ಊಟಾನೇ ಮಾಡ್ತಿಲ್ಲ. ನಿನ್ನೆ ಏನಂದ್ಲು ಗೊತ್ತಾ? ‘ಅಮ್ಮಾ, ಮೈಂ ಇಂಟೆಲಿಜೆಂಟ್ ಹೂಂ ಹೀ ನಹೀ, ನಾನು ಜಾಣೆ ಅಲ್ವೇ ಅಲ್ಲ, ಎಲ್ರಿಗೂ ಇಷ್ಟು ದಿನ ಗೊತ್ತಾಗಿರ್ಲಿಲ್ಲ ಅಷ್ಟೇ’ ಅಂದ್ಲು. ಹದಿಮೂರು ವರ್ಷದ ಮಗು ಆಡೋ ಮಾತಾ ಅದು?”

ಅಷ್ಟು ದಿನ ನಗೆಯಾಗಿ ಕಂಡದ್ದು ಅಂದು ನಗೆಯಾಗಿ ಕಾಣಲಿಲ್ಲ.

ಸುಧಾ ಪ್ರಿನ್ಸಿಪಾಲರನ್ನೂ ಕಂಡಿದ್ದಳು. ಮೇಡಂ ಬಹಳ ಮರುಕದಿಂದ ಮಾತನಾಡಿ, ಡಾಕ್ಟರ ಚೀಟಿಯೊಂದನ್ನು ತಂದರೆ ಹುಡುಗಿಯನ್ನು ಈ ಕಾರ್ಯಕ್ರಮದಿಂದ ಕೈಬಿಡುವುದಾಗಿ ಭರವಸೆ ಕೊಟ್ಟಿದ್ದರು. ಓಟದಿಂದ ವಿನಾಯಿತಿ ಕೊಡುವುದನ್ನು ಕೇಳಿದ್ದೇನೆ, ಈಜಿನಿಂದ ಕೊಡುವುದನ್ನೂ ಕೇಳಿದ್ದೇನೆ. ಸ್ಥೈರ್ಯದಿಂದ ವೈದ್ಯಕೀಯ ವಿನಾಯಿತಿ ದೊರಕಿಸಿಕೊಡುವ ಶಾಲೆ ಭೂಮಂಡಲದಲ್ಲಿ ನಮ್ಮದೊಂದೇ ಇದ್ದೀತು. ಆದರೆ ಅಷ್ಟರ ಮಟ್ಟಿಗೆ ಮೇಡಮ್ಮನವರ ಲೆಕ್ಕ ಸರಿಯಾಗಿಯೇ ಇತ್ತು. ಮಗು ಲೆಕ್ಕಕ್ಕಿಲ್ಲವಾದರೆ ಲೆಕ್ಕ ತಪ್ಪುವ ಪ್ರಶ್ನೆಯೇ ಬರುವುದಿಲ್ಲ.

“ಚೀಟಿ ಆಮೇಲೆ ತರೋಣ ಸುಧಾ,” ಎಂದೆ. “ಈ ಶುಕ್ರವಾರ ಒಂದು ದಿನ ಕಳಿಸು. ಅವಳು ಏನೂ ಬರೀಬೇಕಾಗಿಲ್ಲ. ಸುಮ್ಮನೆ ಕೂತು ನೋಡಲಿ ಸಾಕು.”

“ಏನು ನೋಡಬೇಕು?”

“ನಾನು ಒದ್ದಾಡೋದನ್ನ.”

ಹಳೆಯ ಲೆಕ್ಕದ ಪುಸ್ತಕವೊಂದರಿಂದ, ಉತ್ತರ ಕೊಟ್ಟಿರದ ಒಂದು ಸಮಸ್ಯೆಯನ್ನು ಆರಿಸಿದೆ. ಮನೆಯಲ್ಲಿ ಬಿಡಿಸಿ ನೋಡಲೂ ಇಲ್ಲ. ಒಂದರಿಂದ ಹದಿನೈದರವರೆಗಿನ ಅಂಕೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬೇಕು. ಅಕ್ಕಪಕ್ಕದ ಯಾವ ಎರಡನ್ನು ಕೂಡಿಸಿದರೂ ನಾಲ್ಕು, ಒಂಬತ್ತು, ಹದಿನಾರು, ಇಪ್ಪತ್ತೈದು, ಇಂಥ ವರ್ಗಸಂಖ್ಯೆಯೇ ಬರಬೇಕು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಂಕೆಗಳನ್ನು ದಪ್ಪಗೆ ಬರೆದು, ಹದಿನೈದು ಮಕ್ಕಳ ಕೊರಳಿಗೆ ತೂಗುಹಾಕಿದೆ. ಹೊಂದುವವರು ಕೈಕೈ ಹಿಡಿದು ನಿಲ್ಲಬೇಕು. ಶ್ರಾವ್ಯಾ ಹಿಂದಿನ ಬೆಂಚಿನಲ್ಲಿ, ಮಡಿಲಲ್ಲಿ ಕೈಯಿಟ್ಟು ಕೂತಿದ್ದಳು.

ಮೊದಲು ನಾನೇ ಜೋಡಿಸಿದೆ. ಒಂದು, ಮೂರು, ಆರು, ಹತ್ತು, ಹದಿನೈದು. ಎಷ್ಟು ಸುಂದರವಾಗಿ ಕೂಡಿತೆಂದರೆ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವುದರಲ್ಲಿದ್ದೆ. ಹದಿನೈದರ ಮುಂದೆ ನಿಲ್ಲಲು ಯಾರೂ ಇರಲಿಲ್ಲ. ಅದಕ್ಕೆ ಒಂದರ ಕೈ ಬೇಕು, ಒಂದು ಆಗಲೇ ಸಾಲಿನ ಬಾಲದಲ್ಲಿ ನಿಂತಿದೆ. “ಮ್ಯಾಮ್ ಫಂಸ್ ಗಯೀಂ!” ಎಂದು ಹರ್‌ಪ್ರೀತ್ ಎಂಬ ಹುಡುಗ, ನಾನು ಸಿಕ್ಕಿಹಾಕಿಕೊಂಡೆನೆಂದು ಕುಣಿದ. ಅವನಿಗೇ ಸಾಲನ್ನು ಒಪ್ಪಿಸಿದೆ. ಅವನು ಹದಿನೈದರಿಂದ ಹೊರಟು, ಹತ್ತು, ಆರು, ಮೂರು, ಒಂದನ್ನು ದಾಟಿ ಎಂಟರ ಬಳಿ ಬಂದು ಮುಗ್ಗರಿಸಿದ.

ಸರಿಯಾಗಿ ಆ ಘಳಿಗೆಗೆ ಖನ್ನಾ ಮೇಡಂ, ಶಾಲೆಯ ಟ್ರಸ್ಟಿಯೊಬ್ಬರನ್ನು ಕರೆದುಕೊಂಡು ಒಳಗೆ ಬಂದರು. ಕೋಟು ತೊಟ್ಟ ಆ ಗೃಹಸ್ಥರು ಸಾಲನ್ನು ಮೆಚ್ಚುಗೆಯಿಂದ ನೋಡಿ, “ಬಹಳ ಚೆನ್ನಾಗಿದೆ. ಉತ್ತರ ಏನು ಬರುತ್ತೆ ಮೇಡಂ?” ಎಂದು ನನ್ನನ್ನು ಕೇಳಿದರು.

“ಇನ್ನೂ ಗೊತ್ತಿಲ್ಲ ಸರ್. ಹುಡುಕುತ್ತಿದ್ದೇವೆ.”

ಖನ್ನಾ ಮೇಡಮ್ಮನ ಮುಖದ ನಗು ಇದ್ದಲ್ಲೇ ಹೆಪ್ಪುಗಟ್ಟಿತು. ಗಣಿತದ ಶಿಕ್ಷಕಿ ಟ್ರಸ್ಟಿಯ ಎದುರು ಗೊತ್ತಿಲ್ಲವೆನ್ನುವುದು ಆ ಕಟ್ಟಡದ ಇತಿಹಾಸದಲ್ಲಿ ಅದೇ ಮೊದಲಿರಬೇಕು. ಚಾವಣಿ ಕುಸಿಯಲಿಲ್ಲ, ಫ್ಯಾನು ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಸಣ್ಣದೊಂದು ದನಿ ಬಂತು.

“ಮ್ಯಾಮ್, ಆಠ್ ಕಾ ತೋ ಏಕ್ ಹೀ ದೋಸ್ತ್ ಹೈ.”

ಎಂಟಕ್ಕೆ ಒಬ್ಬನೇ ಗೆಳೆಯನಂತೆ! ಮಕ್ಕಳು ಗೊಳ್ಳೆಂದು ನಕ್ಕರು. ಎದ್ದು ನಿಂತಿದ್ದ ಶ್ರಾವ್ಯಾ ಕೆಂಪಾದಳು, ಆದರೆ ಕೂರಲಿಲ್ಲ. ಎಂಟು ಒಂದರ ಜೊತೆ ಮಾತ್ರ ಕೂಡುತ್ತದೆ, ಬೇರೆ ಯಾರ ಜೊತೆಗೂ ಇಲ್ಲ. ನಡುವೆ ನಿಲ್ಲುವವನಿಗೆ ಎರಡೂ ಕೈಗೆ ಜೊತೆ ಬೇಕು. ಆದ್ದರಿಂದ ಎಂಟು ತುದಿಯಲ್ಲೇ ನಿಲ್ಲಬೇಕು ಎಂದು ಹಿಂದಿ, ಇಂಗ್ಲಿಷುಗಳನ್ನು ಕಲಸಿ, ಉಸಿರು ಕಟ್ಟಿ ಹೇಳಿದಳು. “ಔರ್ ನೌ ಭೀ! ಒಂಬತ್ತಿಗೂ ಏಳೊಂದೇ ದೋಸ್ತ್!”

“ಹಾಗಾದರೆ ಬಾ, ನಿಲ್ಲಿಸು,” ಎಂದೆ.

ಅವಳು ಬಂದಳು. ಎಂಟನ್ನು ಒಂದು ಗೋಡೆಗೂ ಒಂಬತ್ತನ್ನು ಇನ್ನೊಂದಕ್ಕೂ ಅಟ್ಟಿ, ಎಂಟರ ಪಕ್ಕ ಒಂದು, ಒಂದರ ಪಕ್ಕ ಮೂರು, ಆಮೇಲೆ ಹದಿಮೂರು, ಹನ್ನೆರಡು, ನಾಲ್ಕು ಎಂದು ಸಹಪಾಠಿಗಳನ್ನು ತೋಳು ಹಿಡಿದು ಎಳೆದೆಳೆದು ನಿಲ್ಲಿಸುತ್ತ ಹೋದಳು. ಸಾಲು ಹಾವಿನಂತೆ ಬೆಳೆದು ಏಳಕ್ಕೆ ಬಂತು, ಏಳು ಒಂಬತ್ತರ ಕೈ ಹಿಡಿಯಿತು. ಚಪ್ಪಾಳೆ ಬಿತ್ತು. ಟ್ರಸ್ಟಿಗಳೂ ತಟ್ಟಿದರು. ಆಗ ಕಿಟಕಿಯ ಬಳಿಯಿಂದ ಹತ್ತರ ಹಾಳೆ ಹೊತ್ತ ಹುಡುಗಿ ಅಳುಮೋರೆಯಲ್ಲಿ ಕೇಳಿದಳು, “ಔರ್ ಹಮ್? ಮತ್ತೆ ನಾವು?”

ಆರು, ಹತ್ತು, ಹದಿನೈದು ಹೊರಗೇ ಉಳಿದಿದ್ದವು.

ತಪ್ಪಾಗಿತ್ತು. ಎಲ್ಲರ ಎದುರು, ಚಪ್ಪಾಳೆ ಬಿದ್ದ ಮೇಲೆ, ಅಳಿಸಲಾಗದ ಹಾಗೆ. ಶ್ರಾವ್ಯಾಳ ತುಟಿ ಮತ್ತೆ ಬೆಳ್ಳಗಾಯಿತು. ಅವಳು ನನ್ನತ್ತ ನೋಡಿದಳು. ಉತ್ತರ ನನಗೂ ಗೊತ್ತಿರಲಿಲ್ಲ. ಆದ್ದರಿಂದ ಭುಜ ಕುಣಿಸಿದೆ, ಅಷ್ಟೆ. ಖನ್ನಾ ಮೇಡಂ ಕೈಗಡಿಯಾರ ನೋಡಿಕೊಂಡರು. ಹುಡುಗಿ ಬಹಳ ಹೊತ್ತು ಆ ಮೂವರನ್ನೇ ನೋಡುತ್ತ ನಿಂತು, ಏನೋ ಗೊಣಗಿಕೊಂಡು, ತಟ್ಟನೆ ಸಾಲಿನ ಆರಂಭಕ್ಕೆ ಓಡಿ, ಒಂದು ಮತ್ತು ಮೂರು ಹಿಡಿದಿದ್ದ ಕೈಗಳನ್ನು ಬಿಡಿಸಿದಳು. ಅವರ ನಡುವೆ ಹದಿನೈದನ್ನು ನೂಕಿದಳು, ಅದರ ಪಕ್ಕ ಹತ್ತು, ಅದರ ಪಕ್ಕ ಆರು. ಆರು ಮೂರರ ಕೈ ಹಿಡಿಯಿತು. ಆರೂ ಮೂರೂ ಒಂಬತ್ತು.

ಮಕ್ಕಳು ಎಬ್ಬಿಸಿದ ಗದ್ದಲಕ್ಕೆ ಪಕ್ಕದ ತರಗತಿಯ ಸಂಸ್ಕೃತ ಮೇಷ್ಟ್ರು ಬಾಗಿಲಿಗೆ ಬಂದು ನಿಂತರು.

ಇಷ್ಟಾದ ಮೇಲೆ ನನಗೊಂದು ಪ್ರಶಸ್ತಿ ಬಂದಿರಬೇಕೆಂದು ನೀವು ಊಹಿಸಿದರೆ, ನೀವು ಖಾಸಗಿ ಶಾಲೆಗಳಲ್ಲಿ ಕೆಲಸ ಮಾಡಿದವರಲ್ಲ. ಸಂಜೆ ಖನ್ನಾ ಮೇಡಂ ಕರೆಸಿ, “ಮಾಲತಿ ಜೀ, ಬಹಳ ಚೆನ್ನಾಗಿತ್ತು. ಆದರೆ ಟೀಚರ್‌ಗೆ ಗೊತ್ತಿಲ್ಲ ಅಂದರೆ ಶಾಲೆಯ ಇಮೇಜ್ ಏನಾಗಬೇಕು?” ಎಂದು ಮೃದುವಾಗಿ ಕೇಳಿದರು. ಶಾಲೆಯ ವಾರ್ಷಿಕ ಪುಸ್ತಿಕೆಯಲ್ಲಿ ಸ್ಥೈರ್ಯ ಕಾರ್ಯಕ್ರಮದ ಅಮೋಘ ಯಶಸ್ಸಿನ ವರದಿ, ಮೇಡಂ ಮತ್ತು ಟ್ರಸ್ಟಿಗಳ ಫೋಟೋದೊಂದಿಗೆ ಅಚ್ಚಾಯಿತು. ಅದೇ ಟರ್ಮಿನ ಕೊನೆಗೆ ಕಾರ್ಯಕ್ರಮವನ್ನು ಕೈಬಿಟ್ಟು, ಶುಕ್ರವಾರದ ಆ ಪೀರಿಯಡ್ಡಿಗೆ ನಗೆ-ಯೋಗವನ್ನು ತಂದರು. ಮಕ್ಕಳು ಸಾಲಾಗಿ ನಿಂತು, ಸೀಟಿ ಊದಿದಾಗ ನಗುತ್ತಿದ್ದರು.

ಇತ್ತ ಆ ಶುಕ್ರವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಮೇಲಿನ ಮಹಡಿಯಿಂದ ದಡದಡ ಇಳಿಯುವ ಸದ್ದಾಗಿ, ಶ್ರಾವ್ಯಾ ಕೆದರಿದ ತಲೆಯಲ್ಲಿ ಒಳನುಗ್ಗಿದಳು. ಹಿಂದೆಯೇ ಸುಧಾ.

“ಆಂಟಿ, ಆ ಸಾಲಿಗೆ ಹದಿನಾರು ಸೇರಿಸಿದೆ. ಒಂಬತ್ತರ ಪಕ್ಕ ನಿಂತ್ಕೊಂಡ. ಹದಿನೇಳು ಎಂಟರ ಪಕ್ಕ. ಆಮೇಲೆ ಹದಿನೆಂಟು...” ಉಸಿರೆಳೆದುಕೊಂಡಳು. “ಹದಿನೆಂಟು ಆಗಲ್ಲ ಆಂಟಿ. ಹೋಗಾ ಹೀ ನಹೀ. ವಾರ ಎಲ್ಲ ಟ್ರೈ ಮಾಡಿದೆ.”

ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ಅವಳಿಗೆ ಅದು ಬೇಕಿರಲಿಲ್ಲ.

“ಹದಿನಾರಿಗೆ ಒಂಬತ್ತೊಂದೇ. ಹದಿನೇಳಕ್ಕೆ ಎಂಟೊಂದೇ. ಹದಿನೆಂಟಕ್ಕೆ ಏಳೊಂದೇ. ಮೂರು ಜನಕ್ಕೂ ತುದೀನೇ ಬೇಕು. ಸಾಲಿಗೆ ಎರಡೇ ತುದಿ ಇರೋದು! ಮೂರನೆಯವನು ಎಲ್ಲಿ ನಿಲ್ಲಬೇಕು?”

ಕಾವಲಿಯ ಮೇಲೆ ದೋಸೆ ಸೀಯುತ್ತಿತ್ತು. ಸುಧಾ ಕಳವಳದಿಂದ, “ಅಂದ್ರೆ ಉತ್ತರ ಬರಲಿಲ್ವಾ ಪುಟ್ಟಾ?” ಎಂದಳು.

“ಬರೋದೇ ಇಲ್ಲ ಅಮ್ಮಾ!” ಹುಡುಗಿ ಕುಣಿದಳು. “ಯಾರು ಮಾಡಿದ್ರೂ ಬರಲ್ಲ! ಅಪ್ಪ ಮಾಡಿದ್ರೂ ಬರಲ್ಲ, ಮುನಿರ್ಕಾ ಭಯ್ಯಾಗಳು ಮಾಡಿದ್ರೂ ಬರಲ್ಲ, ಆಂಟಿ ಮಾಡಿದ್ರೂ ಬರಲ್ಲ!”

ಸುಧಾ ನನ್ನ ಮುಖ ನೋಡಿದಳು. ನಾನು ಒಲೆ ಆರಿಸಿ, ಆ ಮೂವರನ್ನೂ ಮನಸ್ಸಿನಲ್ಲೇ ಒಮ್ಮೆ ನಿಲ್ಲಿಸಿ ನೋಡಿ, “ಹೌದು ಕಣೇ, ಬರಲ್ಲ,” ಎಂದೆ.

ಬಿಸಿ ದೋಸೆಯೊಂದನ್ನು ಸುರುಳಿ ಸುತ್ತಿ ಬಾಯಿಗಿಟ್ಟುಕೊಂಡವಳು ಅರ್ಧಕ್ಕೇ ನಿಂತಳು. ಕಣ್ಣು ಎಲ್ಲೋ ನೆಟ್ಟಿತು.

“ಆಂಟಿ, ಹತ್ತೊಂಬತ್ತು ಬಂದ್ರೆ? ಹದಿನೇಳೂ ಹತ್ತೊಂಬತ್ತೂ ಮೂವತ್ತಾರು. ಹದಿನೇಳಕ್ಕೆ ಇನ್ನೊಬ್ಬ ದೋಸ್ತ್ ಸಿಗ್ತಾನೆ!”

ಉಳಿದರ್ಧ ದೋಸೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಮೆಟ್ಟಿಲು ಹತ್ತಿ ಓಡಿದಳು.